ಪುಕ್ಕಟೆ ಸುದ್ದಿಯ ಲೆಕ್ಕ

ಸಣ್ಣದೊಂದು ಉದ್ಯಮ ಶುರು ಮಾಡಿದವರಿಗೆ ಇವತ್ತು ಸಲಹೆಗೆ ಬರವಿಲ್ಲ. ಉದ್ಯಮಶೀಲತೆಯ ಕಾರ್ಯಾಗಾರಕ್ಕೆ ಹೋಗಲಿ, ಮಾರ್ಕೆಟಿಂಗ್ ಪಾಠ ಹೇಳುವ ಯೂಟ್ಯೂಬ್ ಚಾನೆಲ್ ನೋಡಲಿ, ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಜಾಹೀರಾತಿಗೆ ದುಡ್ಡು ಸುರಿಯಬೇಡಿ, ಸುದ್ದಿಯಾಗಿ. ಜಾಹೀರಾತನ್ನು ಯಾರೂ ನಂಬುವುದಿಲ್ಲ, ಪೇಪರಿನಲ್ಲಿ ಬಂದದ್ದನ್ನು ಎಲ್ಲರೂ ನಂಬುತ್ತಾರೆ. ಒಬ್ಬ ಪಿಆರ್‌ನವರನ್ನು, ಅಂದರೆ ಸಾರ್ವಜನಿಕ ಸಂಪರ್ಕದವರನ್ನು, ಹಿಡಿಯಿರಿ, ನಿಮ್ಮ ಕಥೆಯನ್ನು ಚೆಂದದ ಪತ್ರಿಕಾ ಪ್ರಕಟಣೆ ಮಾಡಿಸಿ, ನಾಲ್ಕು ವರದಿಗಾರರ ನಂಬರ್ ಇಟ್ಟುಕೊಳ್ಳಿ, ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಈ ಉಪದೇಶದ ಸಾರ. ಗಾಣದೆಣ್ಣೆ ತೆಗೆಯುವವರು, ಸಿರಿಧಾನ್ಯದ ಬಿಸ್ಕತ್ತು ಮಾಡುವವರು, ಹೋಳಿಗೆ ಅಂಗಡಿ ಇಟ್ಟವರು, ಸೀರೆಗೆ ಕುಚ್ಚು ಕಟ್ಟಿಸಿ ಆನ್‌ಲೈನಿನಲ್ಲಿ ಮಾರುವವರು, ಎಲ್ಲರಿಗೂ ಇದೇ ಮಂತ್ರ. ಇದನ್ನು ಪ್ರಶ್ನಿಸುವವರು ಕಡಿಮೆ, ಏಕೆಂದರೆ ಮೇಲ್ನೋಟಕ್ಕೆ ಯಾರಿಗೂ ನಷ್ಟವಿಲ್ಲದ ವ್ಯವಹಾರವಿದು. ಉದ್ಯಮಿಗೆ ಹೆಸರು, ಪತ್ರಿಕೆಗೆ ಪುಟ ತುಂಬಿಸುವ ಸರಕು, ಓದುಗರಿಗೆ ಬೆಳಗಿನ ಕಾಫಿಯ ಜೊತೆ ಒಂದು ಸ್ಫೂರ್ತಿಯ ಕಥೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಈ ವ್ಯವಹಾರದಲ್ಲಿ ಮೂವರೂ ಕಳೆದುಕೊಳ್ಳುತ್ತಾರೆ; ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಸಣ್ಣ ಉದ್ಯಮಿಯೇ. ಪತ್ರಿಕೆಯ ಮೇಲಿನ ನಂಬಿಕೆ ಕರಗಿದರೆ ದೊಡ್ಡ ಕಂಪನಿಗೆ ಹೆಚ್ಚೇನೂ ಕೊರತೆಯಾಗದು. ಅದಕ್ಕೆ ವಕೀಲರಿದ್ದಾರೆ, ಮಂತ್ರಿಗಳ ಕಚೇರಿಗೆ ದಾರಿ ಗೊತ್ತಿದೆ, ಬೇಕೆಂದಾಗ ಮುಖಪುಟವನ್ನೇ ಕೊಳ್ಳುವ ದುಡ್ಡಿದೆ. ಸಣ್ಣವನಿಗೆ ಸಂಕಟ ಬಂದಾಗ ಇರುವ ಗತಿ ಬಹುಮಟ್ಟಿಗೆ ಪತ್ರಿಕೆಯೊಂದೇ.

ಸುದ್ದಿಯಾಗಿ ಎಂಬ ಉಪದೇಶಕ್ಕೆ ಒಂದು ಶಾಸ್ತ್ರಾಧಾರವೂ ಇದೆ. ಅಮೆರಿಕದ ಮಾರ್ಕೆಟಿಂಗ್ ಲೇಖಕ ಅಲ್ ರೀಸ್ ಮತ್ತು ಅವರ ಮಗಳು ಲಾರಾ ರೀಸ್ 2002ರಲ್ಲಿ ತಂದ ಪುಸ್ತಕ, ಜಾಹೀರಾತು ಬಿತ್ತು, ಪಿಆರ್ ಎದ್ದಿತು ಎಂದು ತಲೆಬರಹದಲ್ಲೇ ಸಾರಿತು. ಹೊಸ ಬ್ರ್ಯಾಂಡನ್ನು ಕಟ್ಟುವುದು ಪಿಆರ್, ಕಟ್ಟಿದ್ದನ್ನು ಕಾಯುವುದಷ್ಟೇ ಜಾಹೀರಾತಿನ ಕೆಲಸ ಎನ್ನುತ್ತಾರೆ ಅವರು. ಜಾಹೀರಾತಿನಲ್ಲಿ ನಮ್ಮನ್ನು ನಾವೇ ಹೊಗಳಿಕೊಳ್ಳುತ್ತೇವೆ, ಸುದ್ದಿಯಲ್ಲಿ ಮೂರನೆಯವರು ನಮ್ಮ ಬಗ್ಗೆ ಆಡುತ್ತಾರೆ. ಹಾಗಾಗಿ ಎರಡನೆಯದಕ್ಕೆ ತೂಕ ಹೆಚ್ಚು. ಇಷ್ಟು ನಿಜವೇ. ಆದರೆ ಆ ಮೂರನೆಯವರ ಮಾತಿಗೆ ತೂಕ ಎಲ್ಲಿಂದ ಬಂತು ಎಂದು ಈ ಉಪದೇಶವನ್ನು ಊರೂರಿಗೆ ಹಂಚುತ್ತಿರುವವರು ಕೇಳಿಕೊಂಡಂತೆ ಕಾಣುವುದಿಲ್ಲ. ವರದಿಗಾರ ಬರೆದದ್ದಕ್ಕೆ ಬೆಲೆ ಇರುವುದು, ಆತ ಬರೆಯದೆಯೂ ಇರಬಹುದಿತ್ತು, ಬೇರೆ ರೀತಿಯಲ್ಲೂ ಬರೆಯಬಹುದಿತ್ತು ಎಂಬ ಕಾರಣಕ್ಕೆ. ಎಣ್ಣೆಯಲ್ಲಿ ಕಲಬೆರಕೆ ಕಂಡಿದ್ದರೆ ಅದನ್ನೂ ಬರೆಯುತ್ತಿದ್ದ ಎಂಬ ಭರವಸೆಯೇ, ಎಣ್ಣೆ ಚೆನ್ನಾಗಿದೆ ಎಂಬ ಆತನ ಮಾತಿಗೆ ಬಲ. ಪಿಆರ್ ಎಂಬ ಕಸುಬಿನ ಉದ್ದೇಶವೇ ಈ ಎರಡು ಸಾಧ್ಯತೆಗಳನ್ನು ಆದಷ್ಟು ಕಡಿಮೆ ಮಾಡುವುದು: ಬರೆಯದೆ ಬಿಡಬಾರದು, ಬೇರೆ ರೀತಿ ಬರೆಯಬಾರದು. ಕಸುಬು ಎಷ್ಟು ಚೆನ್ನಾಗಿ ನಡೆಯುತ್ತದೋ ಕೊಂಡ ಸರಕು ಅಷ್ಟು ಟೊಳ್ಳಾಗುತ್ತದೆ. ತಮಾಷೆಯೆಂದರೆ ಈ ಅಪಾಯ ಆ ಕಸುಬಿನ ಮೂಲಪುರುಷರಿಗೇ ಗೊತ್ತಿತ್ತು. ಅಮೆರಿಕದ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುತ್ತಿದ್ದ ಐವಿ ಲೀ 1906ರಲ್ಲಿ ಪತ್ರಿಕೆಗಳಿಗೆ ಕಳಿಸಿದ ತತ್ವಘೋಷಣೆಯಲ್ಲಿ ತನ್ನದು ಜಾಹೀರಾತು ಏಜೆನ್ಸಿಯಲ್ಲವೆಂದು ಸ್ಪಷ್ಟಪಡಿಸಿದ್ದ. ತಾನು ಕಳಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದ ಸರಕು ಎಂದು ಸಂಪಾದಕರಿಗೆ ಅನ್ನಿಸಿದರೆ ದಯವಿಟ್ಟು ಬಳಸಬೇಡಿ ಎಂದೂ ಕೇಳಿಕೊಂಡಿದ್ದ. ಆತ ಎಷ್ಟರಮಟ್ಟಿಗೆ ಹಾಗೆ ನಡೆದುಕೊಂಡ ಎಂಬುದು ಬೇರೆ ಚರ್ಚೆ. ಇವತ್ತು ಸಣ್ಣ ಉದ್ಯಮಗಳ ಪರವಾಗಿ ಸುದ್ದಿಮನೆಗಳ ಇಮೇಲಿಗೆ ಬೀಳುವ ಪ್ರಕಟಣೆಗಳನ್ನು ಆ ಒಂದೇ ಜರಡಿಯಲ್ಲಿ ಹಿಡಿದರೆ ಮೇಲೆ ಉಳಿಯುವುದು ಎಷ್ಟು?

ಪಿಆರ್ ಎಂಬ ಹೆಸರಿನಲ್ಲಿ ಸಣ್ಣ ಉದ್ಯಮಿಗೆ ನಿಜವಾಗಿ ಮಾರಾಟವಾಗುತ್ತಿರುವುದು ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಸರಕೆಂದರೆ 'ಗ್ಯಾರಂಟಿ ಪ್ರಕಟಣೆ'ಯ ಪ್ಯಾಕೇಜು. ಇಷ್ಟು ದುಡ್ಡಿಗೆ ಇಷ್ಟು ಜಾಲತಾಣ, ಅದರಲ್ಲಿ ದೊಡ್ಡ ಹೆಸರಿನ ಇಷ್ಟು ಸಂಸ್ಥೆ ಎಂದು ದರಪಟ್ಟಿಯೇ ಇರುತ್ತದೆ. ಗ್ಯಾರಂಟಿ ಎಂಬ ಮಾತು ಕೇಳಿದ ಕೂಡಲೇ ಎಚ್ಚರಾಗಬೇಕು; ಪ್ರಕಟವಾಗುವುದು ಖಾತ್ರಿಯಿದ್ದ ಮೇಲೆ ಅಲ್ಲಿ ಸಂಪಾದಕನಿಗೆ ಕೆಲಸವಿಲ್ಲ. ಹಾಗೆ ಪ್ರಕಟವಾದ 'ಸುದ್ದಿ'ಯನ್ನು ಕೊನೆಯ ಸಾಲಿನವರೆಗೆ ಓದಿದರೆ ಅಲ್ಲೊಂದು ಟಿಪ್ಪಣಿ ಸಿಗುತ್ತದೆ: ಈ ಬರಹವನ್ನು ಇಂಥ ಸಂಸ್ಥೆ ಒದಗಿಸಿದೆ, ಇದರಲ್ಲಿರುವ ವಿಷಯಕ್ಕೆ ನಾವು ಯಾವ ರೀತಿಯಲ್ಲೂ ಹೊಣೆಯಲ್ಲ. ಅಂದರೆ ಉದ್ಯಮಿ ದುಡ್ಡು ಕೊಟ್ಟು ಕೊಂಡದ್ದು ಯಾವ ಹೆಸರಿನ ನಂಬಿಕೆಯನ್ನೋ, ಆ ಹೆಸರಿನವರು ಅದೇ ಪುಟದ ತಳದಲ್ಲಿ ಆ ನಂಬಿಕೆಯನ್ನು ವಾಪಸು ತೆಗೆದುಕೊಂಡಿದ್ದಾರೆ. ಹುಡುಕಾಟದಲ್ಲಿ ಮೇಲೆ ಬರಲು ಇದು ನೆರವಾಗುತ್ತದೆ ಎಂಬ ಆಸೆಯನ್ನೂ ತೋರಿಸಲಾಗುತ್ತದೆ. ಪತ್ರಿಕಾ ಪ್ರಕಟಣೆಗಳಲ್ಲಿ ಬೇಕೆಂದೇ ತುರುಕಿ ಅಲ್ಲಲ್ಲಿ ಹಂಚಿದ ಲಿಂಕುಗಳನ್ನು ಗೂಗಲ್ ತನ್ನ ನಿಯಮಾವಳಿಯಲ್ಲಿ ಕಸದ ಪಟ್ಟಿಗೆ ಸೇರಿಸಿ ವರ್ಷಗಳೇ ಆದವು.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ತಿಂಗಳ ಶುಲ್ಕ ಕೊಟ್ಟು ಇಟ್ಟುಕೊಳ್ಳುವ ಏಜೆನ್ಸಿ. ಸಣ್ಣ ಘಟಕಕ್ಕೆ ಆ ಶುಲ್ಕವೆಂದರೆ ಒಬ್ಬಿಬ್ಬರು ಕೆಲಸಗಾರರ ಸಂಬಳ. ತಿಂಗಳ ಕೊನೆಗೆ ಏಜೆನ್ಸಿ ಒಂದು ವರದಿ ಕೊಡುತ್ತದೆ. ಅದರಲ್ಲಿ ಪತ್ರಿಕೆಯ ತುಣುಕುಗಳನ್ನು ಅಂಟಿಸಿ, ಪ್ರತಿಯೊಂದರ ಉದ್ದಗಲ ಅಳೆದು, ಅಷ್ಟು ಚದರ ಸೆಂಟಿಮೀಟರಿಗೆ ಆ ಪತ್ರಿಕೆಯ ಜಾಹೀರಾತು ದರ ಎಷ್ಟೋ ಅದರಿಂದ ಗುಣಿಸಿರುತ್ತಾರೆ. ಸುದ್ದಿಗೆ ಜಾಹೀರಾತಿಗಿಂತ ನಂಬಿಕೆ ಹೆಚ್ಚು ಎಂಬ ನೆಪದಲ್ಲಿ ಇನ್ನೊಮ್ಮೆ ಎರಡರಿಂದಲೋ ಮೂರರಿಂದಲೋ ಗುಣಿಸುವುದೂ ಉಂಟು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಮೊತ್ತ: ಈ ತಿಂಗಳು ನಿಮಗೆ ಇಷ್ಟು ಲಕ್ಷದ ಪ್ರಚಾರ ಪುಕ್ಕಟೆ ಸಿಕ್ಕಿತು. ಈ ಲೆಕ್ಕ ಪೊಳ್ಳು ಎಂದು ಹೇಳಲು ಹೊರಗಿನವರು ಬೇಕಿಲ್ಲ. ಪಿಆರ್ ಫಲಿತಾಂಶ ಅಳೆಯುವ ಸಂಸ್ಥೆಗಳೇ 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ, ಜಾಹೀರಾತು ದರದ ಲೆಕ್ಕ ಪಿಆರ್‌ನ ಬೆಲೆಯನ್ನು ಹೇಳುವುದಿಲ್ಲ ಎಂದು ತತ್ವವನ್ನೇ ಬರೆದುಕೊಂಡವು. ಕಸುಬಿನ ಪಂಡಿತರು ಕೈಬಿಟ್ಟ ಈ ಅಳತೆಗೋಲನ್ನು ಹಿಡಿದೇ ಇವತ್ತಿಗೂ ಸಣ್ಣ ಉದ್ಯಮಿಯ ಮುಂದೆ ಬಿಲ್ಲು ಇಡುವವರಿದ್ದಾರೆ. ಎಷ್ಟು ಜನ ಅಂಗಡಿಗೆ ಬಂದರು, ಬಂದವರಲ್ಲಿ ಎಷ್ಟು ಜನ ಮತ್ತೆ ಬಂದರು, ಯಾವ ಊರಿನಿಂದ ಹೊಸ ಆರ್ಡರ್ ಬಂತು ಎಂಬ ಕಾಲಂ ಆ ವರದಿಯಲ್ಲಿ ಅಪರೂಪ.

ಏಜೆನ್ಸಿಯ ಗೊಡವೆಯೇ ಬೇಡ, ನಮ್ಮೂರಿನ ವರದಿಗಾರರು ಪರಿಚಯದವರು, ಸುಮ್ಮನೆ ಹಾಕುತ್ತಾರೆ ಎನ್ನುವವರು ಜಿಲ್ಲೆ ತಾಲ್ಲೂಕುಗಳಲ್ಲಿ ಬಹಳ. ಸುಮ್ಮನೆ ಹಾಕುವುದು ಎಂಬುದೊಂದು ಇಲ್ಲ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಎಷ್ಟೋ ಮಂದಿಗೆ ಸಂಬಳವೆಂದು ಸಿಗುವುದು ಪೆಟ್ರೋಲಿಗೆ ಸಾಲದಷ್ಟು. ಜಾಹೀರಾತು ತಂದರೆ ಅದರ ಕಮಿಷನ್ನೇ ಅವರ ಜೀವನ. ಸುದ್ದಿ ತರುವ ಕೈಯೇ ಜಾಹೀರಾತನ್ನೂ ತರಬೇಕಾದ ಈ ಏರ್ಪಾಡಿನ ತಪ್ಪು ಆ ಬಡಪಾಯಿ ವರದಿಗಾರನದಲ್ಲ, ಅವನನ್ನು ಹಾಗೆ ಇಟ್ಟಿರುವ ಮಾಲೀಕರದು. ಆದರೆ ಪರಿಣಾಮ ಅನುಭವಿಸುವವನು ಅಂಗಡಿಯವನು. ಜೂನ್‌ನಲ್ಲಿ ಅಂಗಡಿ ಉದ್ಘಾಟನೆಯ ಫೋಟೊ ಬಂದಿದ್ದರೆ ಆಗಸ್ಟ್ ಹದಿನೈದಕ್ಕೆ ಶುಭಾಶಯದ ಜಾಹೀರಾತು ಕೇಳಿಕೊಂಡು ಫೋನು ಬರುತ್ತದೆ. ದಸರಾ ಪುರವಣಿ, ರಾಜ್ಯೋತ್ಸವದ ವಿಶೇಷ ಸಂಚಿಕೆ, ದೀಪಾವಳಿ, ಪತ್ರಿಕೆಯ ವಾರ್ಷಿಕೋತ್ಸವ, ಒಂದಾದ ಮೇಲೊಂದು. 'ಅಣ್ಣಾ, ನಿಮ್ಮದು ಅವತ್ತು ಮೂರು ಕಾಲಂ ಹಾಕಿಸಿದ್ದೆನಲ್ಲ' ಎಂಬ ಮಾತಿಗೆ ಇಲ್ಲವೆನ್ನುವುದು ಕಷ್ಟ. ಒಂದು ಪತ್ರಿಕೆಗೆ ಕೊಟ್ಟದ್ದು ಇನ್ನೊಂದರವರಿಗೆ ಗೊತ್ತಾದರೆ ಅವರೂ ಬರುತ್ತಾರೆ. ನೇರವಾಗಿ ಜಾಹೀರಾತು ಕೊಟ್ಟವನು ದುಡ್ಡು ಕೊಟ್ಟು ಎದ್ದು ಹೋಗುತ್ತಾನೆ. ಪುಕ್ಕಟೆ ಸುದ್ದಿ ಹಾಕಿಸಿಕೊಂಡವನು ಸಾಲಗಾರ. ಆ ಸಾಲಕ್ಕೆ ಅಸಲು ಎಷ್ಟೆಂದು ಗೊತ್ತಿಲ್ಲ, ತೀರಿತೆಂದು ಬರೆದುಕೊಡುವವರೂ ಇಲ್ಲ.

ಇದೇ ಸಂಬಂಧ ಮೇಲಿನ ಹಂತದಲ್ಲಿ ಹೇಗೆ ಬೆಳೆಯಿತು ಎಂಬುದಕ್ಕೆ ದಾಖಲೆಗಳಿವೆ. ದೇಶದ ಅತಿದೊಡ್ಡ ಪತ್ರಿಕಾ ಸಮೂಹ ಬೆನೆಟ್ ಕೋಲ್ಮನ್ 2003ರ ಸುಮಾರಿಗೆ ಮೀಡಿಯಾನೆಟ್ ಎಂಬ ವಿಭಾಗ ತೆರೆದು, ನಗರ ಪುರವಣಿಗಳಲ್ಲಿ ಸುದ್ದಿಯ ರೂಪದ ಜಾಗವನ್ನು ಬಹಿರಂಗವಾಗಿಯೇ ಮಾರತೊಡಗಿತು. ಪಿಆರ್ ಏಜೆನ್ಸಿಗಳು ವರದಿಗಾರರಿಗೆ ಕದ್ದು ಕೊಡುವುದನ್ನು ಪತ್ರಿಕೆಯೇ ನೇರವಾಗಿ ಪಡೆದರೆ ತಪ್ಪೇನು ಎಂಬುದು ಅದರ ಸಮರ್ಥನೆಯಾಗಿತ್ತು. ಅದರ ಬೆಂಗಳೂರು ಟೈಮ್ಸ್ ಪುರವಣಿಯ ತಲೆಯಲ್ಲಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇದು ಪ್ರಚಾರದ ಪುರವಣಿ ಎಂಬರ್ಥದ ಒಂದು ಸಾಲಿರುವುದನ್ನು ಗಮನಿಸಿದ ಓದುಗರು ಎಷ್ಟಿದ್ದಾರು? ಅದೇ ಸಮೂಹ ಕಂಪನಿಗಳಲ್ಲಿ ಪಾಲು ಪಡೆದು ಬದಲಿಗೆ ಜಾಹೀರಾತಿನ ಜಾಗ ಕೊಡುವ ಖಾಸಗಿ ಒಪ್ಪಂದಗಳನ್ನು ಶುರು ಮಾಡಿದಾಗ, ಷೇರುಪೇಟೆಯ ನಿಯಂತ್ರಕ ಸೆಬಿಯೇ ಕಳವಳಗೊಂಡು ಭಾರತೀಯ ಪತ್ರಿಕಾ ಮಂಡಳಿಗೆ ಬರೆಯಿತು. 2009ರ ಚುನಾವಣೆಯಲ್ಲಿ ಕಾಸಿಗಾಗಿ ಸುದ್ದಿ ಬಯಲಾದ ಮೇಲೆ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಪತ್ರಿಕಾ ಮಂಡಳಿಗೆ ಕೊಟ್ಟ ವಿವರವಾದ ವರದಿಯನ್ನು ಮಂಡಳಿ ಮೊದಲು ಪೂರ್ತಿಯಾಗಿ ಹೊರಗೆ ಬಿಡಲಿಲ್ಲ; 2011ರಲ್ಲಿ ಮಾಹಿತಿ ಆಯೋಗ ಆದೇಶ ಮಾಡಬೇಕಾಯಿತು. ಆ ವರದಿಯನ್ನು ನಾವು ರಾಜಕಾರಣಿಗಳ ಮೇಲಿನ ಟೀಕೆಯಾಗಿ ನೆನಪಿಟ್ಟುಕೊಂಡಿದ್ದೇವೆ. ಆದರೆ ಚುನಾವಣೆಗೆ ಬಂದದ್ದು ಹೊಸ ರೋಗವೇನಲ್ಲ. ಸಿನಿಮಾ, ಫ್ಯಾಷನ್, ವ್ಯಾಪಾರದ ಪುಟಗಳಲ್ಲಿ ರೂಢಿಯಾಗಿದ್ದ ಪದ್ಧತಿಯೇ ಅಲ್ಲಿಂದ ಹೊರಟು ರಾಜಕೀಯದ ಪುಟಕ್ಕೆ ಬಂದಿತ್ತು. ವ್ಯಾಪಾರದ ಪುಟದಲ್ಲಿ ಏನು ಮಹಾ, ಯಾರಿಗೇನು ನಷ್ಟ ಎಂಬ ಉದಾಸೀನವೇ ಅದಕ್ಕೆ ದಾರಿ ಮಾಡಿಕೊಟ್ಟದ್ದು.

ಬ್ರಿಟನ್ನಿನ ಲೆಕ್ಕ ಇನ್ನೂ ಖಚಿತವಾಗಿದೆ. ಪತ್ರಕರ್ತ ನಿಕ್ ಡೇವಿಸ್ ತಮ್ಮ 2008ರ ಪುಸ್ತಕಕ್ಕಾಗಿ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರಿಂದ ಪ್ರತಿಷ್ಠಿತ ಪತ್ರಿಕೆಗಳ ಎರಡು ಸಾವಿರಕ್ಕೂ ಹೆಚ್ಚು ವರದಿಗಳನ್ನು ಪರಿಶೀಲನೆ ಮಾಡಿಸಿದರು. ಅವುಗಳಲ್ಲಿ ಶೇ 60ರಷ್ಟು ಪೂರ್ತಿಯಾಗಿ ಅಥವಾ ಮುಖ್ಯವಾಗಿ ಸುದ್ದಿಸಂಸ್ಥೆಯ ಪ್ರತಿ ಇಲ್ಲವೇ ಪಿಆರ್ ಸರಕು. ವರದಿಗಾರರು ತಾವೇ ಹುಡುಕಿ ಬರೆದದ್ದು ಎಂದು ಖಚಿತವಾಗಿ ಹೇಳಬಹುದಾದದ್ದು ಶೇ 12. ನಮ್ಮಲ್ಲಿ ಇಂಥ ಎಣಿಕೆ ನಡೆದರೆ ಫಲಿತಾಂಶ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಬಾಜಿ ಕಟ್ಟಲು ನಾನಂತೂ ತಯಾರಿಲ್ಲ. ಹೀಗಿರುವಾಗ 'ಸುದ್ದಿಗೆ ನಂಬಿಕೆ ಹೆಚ್ಚು' ಎಂದು ಪಿಆರ್ ಮಾರುವವರು ಮಾರುತ್ತಿರುವುದು ಹಿಂದಿನವರು ಕೂಡಿಟ್ಟು ಹೋದ ಗಂಟನ್ನು. ಓದುಗ ದಡ್ಡನಲ್ಲ. ಮೂರು ಪತ್ರಿಕೆಗಳಲ್ಲಿ ಒಂದೇ ಫೋಟೊ, ಒಂದೇ ಪೀಠಿಕೆ, ಒಂದೇ ಗುಣವಾಚಕಗಳು ಬಂದರೆ ಇದು ಹಾಕಿಸಿದ್ದು ಎಂದು ಅವನಿಗೆ ತಕ್ಷಣ ತಿಳಿಯುತ್ತದೆ. ನಮ್ಮ ಊರುಗಳಲ್ಲಿ ಸುದ್ದಿ ಬಂತು ಎನ್ನುವುದಕ್ಕಿಂತ 'ಪೇಪರಿನಲ್ಲಿ ಹಾಕಿಸಿದ್ದಾರೆ' ಎಂಬ ಮಾತೇ ಹೆಚ್ಚು ಕೇಳಿಬರುತ್ತದೆ.

ಕೇಳಿದ್ದನ್ನೆಲ್ಲ ಬರೆಯುವ ಪತ್ರಿಕೆ ಮತ್ತು ಪ್ರಶ್ನೆ ಕೇಳುವ ಪತ್ರಿಕೆಯ ನಡುವಿನ ಅಂತರ ಎಷ್ಟೆಂಬುದಕ್ಕೆ 2016ರ ಫ್ರೀಡಂ 251 ಪ್ರಕರಣ ಸಾಕು. ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ, ಆಗಷ್ಟೇ ಹುಟ್ಟಿದ್ದ, ಹಿಂದೆ ಯಾರೂ ಹೆಸರು ಕೇಳಿರದ ಕಂಪನಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುತ್ತೇನೆಂದಿತು. ದೆಹಲಿಯ ಬಿಡುಗಡೆ ಸಮಾರಂಭದಲ್ಲಿ ಮುರಳಿ ಮನೋಹರ ಜೋಶಿಯಂಥ ಹಿರಿಯ ನಾಯಕರಿದ್ದರು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತಿತ್ತು, ಜೊತೆಗೆ ಎಲ್ಲ ಚಾನೆಲುಗಳಲ್ಲಿ ಅದೇ ಸುದ್ದಿ. ಬಿಡಿಭಾಗಗಳ ಬೆಲೆಯೇ ಅದರ ಹಲವು ಪಟ್ಟಾಗುವಾಗ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆ ಮೊದಲ ದಿನದ ಸಂಭ್ರಮದಲ್ಲಿ ಮುಳುಗಿಹೋಯಿತು. ಆಮೇಲೆ ಕೆಲವು ಪತ್ರಕರ್ತರು ವಿಮರ್ಶೆಗೆಂದು ಕೊಟ್ಟ ಫೋನನ್ನು ತಿರುಗಿಸಿ ನೋಡಿದರು. ಮುಂಭಾಗದಲ್ಲಿ ಬಿಳಿ ಬಣ್ಣ ಬಳಿದಂತಿತ್ತು. ಅದನ್ನು ಕೆರೆದಾಗ ಕೆಳಗೆ ಆಡ್‌ಕಾಮ್ ಎಂಬ ಬೇರೆ ಕಂಪನಿಯ ಹೆಸರು ಕಾಣಿಸಿತು. ಮರುವರ್ಷ ಒಬ್ಬ ವಿತರಕ ಕೊಟ್ಟ ವಂಚನೆಯ ದೂರಿನ ಮೇಲೆ ಕಂಪನಿಯ ಮುಖ್ಯಸ್ಥನ ಬಂಧನವಾಯಿತು. ಸಮಾರಂಭದ ವರದಿ ಓದಿ ನಂಬಿ ಮುಂಗಡ ಕಟ್ಟಿದ ವಿತರಕರೂ ಸಣ್ಣ ವ್ಯಾಪಾರಿಗಳೇ ಎಂಬುದನ್ನು ಮರೆಯಬಾರದು. ಸಣ್ಣ ಉದ್ಯಮಿ ಸುದ್ದಿಯನ್ನು ಬರೇ ಹಾಕಿಸುವವನಲ್ಲ, ಓದಿ ನಿರ್ಧಾರ ಮಾಡುವವನೂ ಹೌದು. ಯಾವ ಯಂತ್ರ ಕೊಳ್ಳಬೇಕು, ಯಾರ ಡೀಲರ್‌ಶಿಪ್ ಹಿಡಿಯಬೇಕು, ಯಾವ ಫ್ರ್ಯಾಂಚೈಸಿಗೆ ಉಳಿತಾಯ ಸುರಿಯಬೇಕು ಎಂಬುದಕ್ಕೆಲ್ಲ ಆತ ನೆಚ್ಚುವುದು ಪತ್ರಿಕೆಯನ್ನೇ.

ಇಷ್ಟಾದರೂ ಒಂದು ಆಕ್ಷೇಪ ಗಟ್ಟಿಯಾಗಿ ನಿಲ್ಲುತ್ತದೆ: ಪಿಆರ್‌ನಿಂದಲೇ ಬೆಳೆದ ಸಣ್ಣ ಉದ್ಯಮಗಳಿಲ್ಲವೇ? ಇವೆ. ಎಲ್ಲರೂ ಉದಾಹರಿಸುವುದು ಬಾಡಿ ಶಾಪ್. ಅನಿತಾ ರಾಡಿಕ್ 1976ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸಣ್ಣ ಸಾಲ ಮಾಡಿ ಅಂಗಡಿ ತೆರೆದಾಗ, ಪಕ್ಕದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಅಂಗಡಿಗಳಿದ್ದವು. ಅಂಥ ಜಾಗದಲ್ಲಿ 'ಬಾಡಿ' ಎಂಬ ಹೆಸರು ಬೇಡವೆಂದು ಅವರು ವಕೀಲರ ಪತ್ರ ಕೊಟ್ಟರು. ರಾಡಿಕ್ ಊರಿನ ಈವ್ನಿಂಗ್ ಆರ್ಗಸ್ ಪತ್ರಿಕೆಗೆ ಹೆಸರು ಹೇಳದೆ ಫೋನ್ ಮಾಡಿ ವಿಷಯ ಮುಟ್ಟಿಸಿದರು. ಸುದ್ದಿ ಬಂತು, ಜನ ಬಂದರು. ಮುಂದೆಯೂ ಕಂಪನಿ ಬಹುಕಾಲ ಜಾಹೀರಾತಿಗೆ ದುಡ್ಡು ಹಾಕದೆ, ಪರಿಸರ, ಪ್ರಾಣಿದಯೆ, ಬಡ ದೇಶಗಳ ಜೊತೆ ನ್ಯಾಯದ ವ್ಯಾಪಾರ ಎಂಬ ಕಥೆಗಳ ಮೇಲೆಯೇ ಬೆಳೆಯಿತು. ಗಮನಿಸಬೇಕಾದದ್ದು ಎರಡು. ಮೊದಲನೆಯದು, ಅಲ್ಲೊಂದು ನಿಜವಾದ ಜಗಳವಿತ್ತು, ವಕೀಲರ ಪತ್ರವಿತ್ತು. ಪತ್ರಿಕೆಗೆ ತಿಳಿಸಿದ್ದು ಯಾರೇ ಆಗಲಿ, ವರದಿಗಾರ ಹೋಗಿ ಪಕ್ಕದ ಅಂಗಡಿಯವರನ್ನೂ ಕೇಳಬಹುದಿತ್ತು. ಇವತ್ತಿನ ಗ್ಯಾರಂಟಿ ಪ್ಯಾಕೇಜಿಗೂ ಅದಕ್ಕೂ ಹೋಲಿಕೆಯಿಲ್ಲ. ಎರಡನೆಯದು, ಕಥೆಯ ಮೇಲೆ ಕಟ್ಟಿದ ಹೆಸರಿಗೆ ಕಥೆಯೇ ಮುಳುವಾಗಬಲ್ಲದು. 1994ರಲ್ಲಿ ಪತ್ರಕರ್ತ ಜಾನ್ ಎಂಟೈನ್ ಬಿಸಿನೆಸ್ ಎಥಿಕ್ಸ್ ಪತ್ರಿಕೆಯಲ್ಲಿ ಬಾಡಿ ಶಾಪ್‌ನ ಹೇಳಿಕೆಗಳನ್ನು ಒಂದೊಂದಾಗಿ ಪ್ರಶ್ನಿಸಿ ಬರೆದಾಗ ಷೇರಿನ ಬೆಲೆ ಕುಸಿಯಿತು. ಸೋಪು ಚೆನ್ನಾಗಿದೆ ಎಂದಷ್ಟೇ ಹೇಳಿ ಬೆಳೆದ ಕಂಪನಿಗೆ ಅಂಥ ಲೇಖನದಿಂದ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲ. ದೊಡ್ಡ ಕಂಪನಿಯಾದ್ದರಿಂದ ಅದು ತಡೆದುಕೊಂಡಿತು. 'ಅಜ್ಜಿಯ ಪಾಕವಿಧಾನ, ಶೇ 100 ಸಾವಯವ' ಎಂದು ಪೇಪರಿನಲ್ಲಿ ಹಾಕಿಸಿಕೊಂಡ ಉಪ್ಪಿನಕಾಯಿ ಘಟಕದ ಸಾವಯವ ಪ್ರಮಾಣಪತ್ರವನ್ನು ನಾಳೆ ಯಾರಾದರೂ ಕೇಳಿದರೆ ತಡೆದುಕೊಳ್ಳುವ ಶಕ್ತಿ ಅದಕ್ಕಿದೆಯೇ?

ಸುದ್ದಿ ನಿಜವಾಗಿದ್ದು, ಪುಕ್ಕಟೆಯಾಗಿದ್ದು, ಜನರನ್ನು ಕರೆತಂದೂ ಕೈಕೊಡಬಹುದು. 2020ರ ಅಕ್ಟೋಬರಿನಲ್ಲಿ ದೆಹಲಿಯ ಮಾಳವೀಯ ನಗರದ ವೃದ್ಧ ದಂಪತಿ ನಡೆಸುತ್ತಿದ್ದ 'ಬಾಬಾ ಕಾ ಢಾಬಾ' ಎಂಬ ಗೂಡಂಗಡಿಯ ವಿಡಿಯೊ ಹರಿದಾಡಿ, ಮರುದಿನವೇ ಸಾಲು ನಿಂತಿತು, ಕ್ಯಾಮೆರಾಗಳು ಬಂದವು, ದೇಶವೆಲ್ಲ ಹೆಸರಾಯಿತು. ಇದಕ್ಕಿಂತ ದೊಡ್ಡ ಪ್ರಚಾರವನ್ನು ಯಾವ ಏಜೆನ್ಸಿಯೂ ಕೊಡಿಸಲಾರದು. ಡಿಸೆಂಬರಿನಲ್ಲಿ ಅವರು ಹೊಸ ಹೋಟೆಲು ತೆರೆದರು, ಫೆಬ್ರುವರಿಯಲ್ಲಿ ಮುಚ್ಚಿದರು. ತಿಂಗಳ ಖರ್ಚು ಸುಮಾರು ಒಂದು ಲಕ್ಷ, ವ್ಯಾಪಾರ 40 ಸಾವಿರವನ್ನೂ ದಾಟಲಿಲ್ಲ ಎಂದು ಆಗ ವರದಿಯಾಯಿತು. ಅವರು ಮತ್ತೆ ಹಳೆಯ ಗೂಡಂಗಡಿಗೇ ಮರಳಿದರು. ಸುದ್ದಿ ನೋಡಿ ಬರುವವರು ಒಮ್ಮೆ ಬರುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಸಣ್ಣ ವ್ಯಾಪಾರದ ಬಾಡಿಗೆ ಕಟ್ಟುವುದು ತಿಂಗಳಿಗೆ ಹತ್ತು ಸಲ ಬರುವ ಪಕ್ಕದ ಬೀದಿಯವರು. ಸುದ್ದಿಯ ಗದ್ದಲದಲ್ಲಿ ಸಾಲು ನಿಲ್ಲಲಾರದೆ ಮೊದಲು ಕಳಚಿಕೊಳ್ಳುವವರೂ ಅವರೇ. ಬ್ಯಾಂಕಿನವರು ಪೇಪರ್ ಕಟಿಂಗ್ ನೋಡಿ ಸಾಲ ಕೊಡುತ್ತಾರೆ ಎಂಬ ಮಾತಂತೂ ಬರೀ ಹುಸಿ. ಅವರು ಕೇಳುವುದು ಜಿಎಸ್‌ಟಿ ರಿಟರ್ನು, ಆದಾಯ ತೆರಿಗೆಯ ದಾಖಲೆ, ಸಿಬಿಲ್ ಅಂಕ, ಉದ್ಯಮ್ ನೋಂದಣಿ.

ಇನ್ನೊಂದು ಆಕ್ಷೇಪವನ್ನು ಒಳ್ಳೆಯ ಪತ್ರಕರ್ತರೇ ಎತ್ತುತ್ತಾರೆ. ಹೇಳದಿದ್ದರೆ ನಮಗೆ ಗೊತ್ತಾಗುವುದಾದರೂ ಹೇಗೆ? ಕಾರ್ಕಳದಲ್ಲಿ ಯಾರೋ ಹಲಸಿನ ಹಣ್ಣನ್ನು ವರ್ಷವಿಡೀ ಕೆಡದಂತೆ ಇಡುವ ವಿಧಾನ ಕಂಡುಕೊಂಡಿದ್ದರೆ ಅದು ಸುದ್ದಿಯೇ ಅಲ್ಲವೇ? ಖಂಡಿತ ಸುದ್ದಿ. ಅದನ್ನು ತಿಳಿಸಲು ಅಂಚೆ ಕಾರ್ಡು ಸಾಕು. ಇಂಥದ್ದು ಮಾಡಿದ್ದೇವೆ, ಬಂದು ನೋಡಿ, ಖರ್ಚು ಇಷ್ಟು, ಹಾಳಾಗುವುದು ಇಷ್ಟು, ಕೊಂಡವರ ವಿಳಾಸ ಇದು, ಅವರನ್ನೂ ಕೇಳಿ ಎಂದು ಬರೆಯುವುದಕ್ಕೆ ಯಾರ ಮಧ್ಯಸ್ಥಿಕೆಯೂ ಬೇಡ. ಅದು ತನ್ನನ್ನು ಪರೀಕ್ಷೆಗೆ ಒಡ್ಡಿಕೊಳ್ಳುವ ಕ್ರಮ. ನಾನು ವಿರೋಧಿಸುತ್ತಿರುವುದು ಪರೀಕ್ಷೆ ತಪ್ಪಿಸಿ ಅಂಕಪಟ್ಟಿ ಪಡೆಯುವ ಕ್ರಮವನ್ನು. ಜನರೊಂದಿಗಿನ ಸಂಬಂಧ ಎಂಬುದಕ್ಕೆ ನಮ್ಮಲ್ಲೇ ಬೇರೆ ಮಾದರಿಗಳಿದ್ದವು. ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ನೋಡಿ ಬಂದ ಮೇಲೆ ಹೋಟೆಲಿನ ಶುಚಿತ್ವದ ಕ್ರಮವನ್ನೇ ಬದಲಿಸಿ, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತೆ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಕಟ್ಟುಹಾಕಿದಾಗ ಎಂಟಿಆರ್‌ನವರು ಗುಣಮಟ್ಟ ಇಳಿಸಲು ಒಪ್ಪದೆ, ಆ ದರಕ್ಕೇ ಬಡಿಸಿ, ದಿನಕ್ಕೆ ಎಷ್ಟು ನಷ್ಟವಾಯಿತೆಂದು ಹೋಟೆಲಿನ ಮುಂದೆ ಫಲಕ ಬರೆದು ಹಾಕಿದರು. ಕೊನೆಗೆ ಬಾಗಿಲು ಮುಚ್ಚಿ, ಪೊಟ್ಟಣದ ತಿಂಡಿಮಿಶ್ರಣಗಳ ಕಡೆಗೆ ಹೊರಳಿದರು. ಬಾಗಿಲಿನ ಆ ಫಲಕದಲ್ಲಿ ಒಂದು ಗುಣವಾಚಕವೂ ಇರಲಿಲ್ಲ, ರೂಪಾಯಿಯ ಲೆಕ್ಕವಿತ್ತು. ಅದನ್ನು ಪಿಆರ್ ತಂತ್ರವೆಂದು ಯಾರಾದರೂ ಪಾಠ ಮಾಡಬಹುದು. ನನ್ನ ತಕರಾರಿಲ್ಲ, ಬರುವ ಉದ್ಯಮಿಗಳಿಗೂ ಅದೇ ಪಾಠ ಹೇಳಲಿ.

ಸಣ್ಣ ವ್ಯಾಪಾರಿಗೆ ಪತ್ರಿಕೆಯಿಂದ ನಿಜವಾಗಿ ಬೇಕಾದದ್ದು ಏನೆಂಬುದು 2025ರ ಜುಲೈನಲ್ಲಿ ಕರ್ನಾಟಕದಲ್ಲೇ ಕಾಣಿಸಿತು. ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನಂಗಡಿ, ಟೀ ಅಂಗಡಿಯವರ ಕೈಗೆಲ್ಲ ನೋಟಿಸ್ ಬಂತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸಿನಲ್ಲಿದ್ದ ಮೊತ್ತ 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು, 'ನೋ ಯುಪಿಐ, ಓನ್ಲಿ ಕ್ಯಾಶ್' ಎಂಬ ಚೀಟಿ ಅಂಟಿಸಿದರು. ವರದಿಗಾರರು ಅಂಗಡಿ ಅಂಗಡಿ ತಿರುಗಿ, ನೋಟಿಸುಗಳನ್ನು ಓದಿ, ಯಾವುದಕ್ಕೆ ವಿನಾಯಿತಿ ಇದೆ, ಸರಕಿಗೆ 40 ಲಕ್ಷ ಮತ್ತು ಸೇವೆಗೆ 20 ಲಕ್ಷ ವಹಿವಾಟಿನ ಮಿತಿ ಹೇಗೆ ಅನ್ವಯವಾಗುತ್ತದೆ, ಮನೆಯವರು ಕಳಿಸಿದ ಹಣವನ್ನೂ ವ್ಯಾಪಾರವೆಂದು ಎಣಿಸಿದರೆ ಏನಾಗುತ್ತದೆ ಎಂದು ಬರೆದರು. ಇಲಾಖೆಯ ಸಮರ್ಥನೆಯೂ ಅದೇ ಪುಟಗಳಲ್ಲಿ ಬಂತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆಯ ಬಾಕಿಯ ವಿಷಯದಲ್ಲಿ ಸರ್ಕಾರದ ಪಟ್ಟು ಸಡಿಲಿಸಿದರು. ಬಂದ್ ಬೆದರಿಕೆಯ ಪಾತ್ರ ಇದರಲ್ಲಿ ದೊಡ್ಡದು, ಎಲ್ಲ ಪತ್ರಿಕೆಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಟೀ ಅಂಗಡಿಯವನ ಗೋಳು ವಿಧಾನಸೌಧದವರೆಗೆ ಮುಟ್ಟಿದ್ದು ಪ್ರಕಟಣೆ ಹಂಚಿದ್ದರಿಂದಲ್ಲ. ಓದಿದವರು ಇದನ್ನು ನಂಬಿದ್ದರಿಂದ, ಇದು ವ್ಯಾಪಾರಿಗಳು ದುಡ್ಡು ಕೊಟ್ಟು ಹಾಕಿಸಿದ್ದು ಎಂದು ಇಲಾಖೆ ತಳ್ಳಿಹಾಕಲು ಆಗದೆ ಇದ್ದದ್ದರಿಂದ. ದಸರಾ ಪುರವಣಿಗೂ ಉದ್ಘಾಟನೆಯ ಫೋಟೊಗೂ ಅದೇ ಪುಟವನ್ನು ಸವೆಸುತ್ತ ಹೋದರೆ ಮುಂದಿನ ನೋಟಿಸಿನ ಕಾಲಕ್ಕೆ ಆ ಬಲ ಉಳಿದಿರುತ್ತದೆಯೇ? ರಸ್ತೆಗೆ ವೈಟ್ ಟಾಪಿಂಗ್ ಎಂದು ಅಂಗಡಿಯ ಮುಂದೆ ಅಗೆದು ತಿಂಗಳುಗಟ್ಟಲೆ ಬಿಟ್ಟಾಗ, ಸರಕು ಪಡೆದ ದೊಡ್ಡ ಕಂಪನಿ ಕಾನೂನು ಹೇಳುವ 45 ದಿನ ಮೀರಿಯೂ ಬಿಲ್ಲು ಚುಕ್ತಾ ಮಾಡದಿದ್ದಾಗ ಬರೆಯಲು ಯಾರನ್ನು ಕರೆಯುವುದು? ಆ ದೊಡ್ಡ ಕಂಪನಿಗೂ ಪಿಆರ್ ಏಜೆನ್ಸಿ ಇರುತ್ತದೆ, ಅದು ಕೊಡುವ ಜಾಹೀರಾತು ನಿಮ್ಮದಕ್ಕಿಂತ ನೂರು ಪಟ್ಟು ಹೆಚ್ಚು.

ಎಲ್ಲರೂ ಮಾಡುತ್ತಿರುವಾಗ ನಾನೊಬ್ಬ ಬಿಟ್ಟರೆ ಹಿಂದೆ ಬೀಳುತ್ತೇನೆ ಎನ್ನುವವರಿಗೆ ಉತ್ತರವೂ ಈ ನೂರು ಪಟ್ಟಿನಲ್ಲೇ ಇದೆ. ಸುದ್ದಿಯ ಜಾಗ ಹರಾಜಿಗೆ ಬಂದ ಮೇಲೆ ಹೆಚ್ಚು ಕೂಗುವವನಿಗೇ ಅದು ಸಿಗುವುದು, ಆ ಕೂಗಿನಲ್ಲಿ ಸಣ್ಣವನು ಗೆದ್ದ ಉದಾಹರಣೆ ಇಲ್ಲ. ಇನ್‌ಸ್ಟಾಗ್ರಾಮಿನಲ್ಲಿ ದುಡ್ಡು ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಲೇಬೇಕೆಂದು ಜಾಹೀರಾತು ಮಾನಕ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ, ಕೇಂದ್ರ ಸರ್ಕಾರವೂ 2023ರಲ್ಲಿ ಅದನ್ನೇ ಹೇಳಿದೆ. ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕೆಂಬುದು ಪತ್ರಿಕಾ ಮಂಡಳಿಯ ಹಳೆಯ ನಿಯಮ. ರೀಲ್ಸ್ ಮಾಡುವ ಹುಡುಗಿಗೆ ಇರುವ ಕಟ್ಟುಪಾಡು ನೂರು ವರ್ಷದ ಪತ್ರಿಕೆಗೆ ಭಾರವಾಗಬಾರದು. ಪ್ರಚಾರ ಬೇಕಿರುವ ವ್ಯಾಪಾರಿ ಜಾಹೀರಾತನ್ನೇ ಕೊಡಲಿ, ಮೂಲೆಯಲ್ಲಿ 'ಜಾಹೀರಾತು' ಎಂದು ಅಚ್ಚಾಗಲಿ. ಅದಕ್ಕೆ ರಶೀದಿ ಇರುತ್ತದೆ. ಜಿಎಸ್‌ಟಿ ನೋಂದಣಿ ಇದ್ದು ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದವರು ಅದರ ಮೇಲಿನ ಶೇ 5 ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಪಡೆಯಬಹುದು. ಪ್ರೆಸ್ ಮೀಟಿನಲ್ಲಿ ಕೈಬದಲಾಗುವ ಕವರಿಗೆ ಆ ಅನುಕೂಲವಿಲ್ಲ.